ಔಷಧದ ಹೊದಿಕೆ: ಕತ್ತರಿಗೆ ಸಿಕ್ಕು ಕಳೆದುಹೋಗುವ ಬ್ಯಾಚ್ ಸಂಖ್ಯೆ

ಬೆಂಗಳೂರು: 2025ರ ಅಕ್ಟೋಬರ್ ಮೊದಲ ವಾರದಲ್ಲಿ ದೇಶದ ಹಲವು ರಾಜ್ಯಗಳ ಔಷಧ ಅಂಗಡಿಗಳು, ಆಸ್ಪತ್ರೆಗಳು ಹಾಗೂ ಔಷಧ ನಿಯಂತ್ರಣ ಅಧಿಕಾರಿಗಳು ಒಂದು ಸಣ್ಣ ಗುರುತನ್ನು ಹುಡುಕುತ್ತಿದ್ದರು. ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಸೇವಿಸಿದ ಎಳೆಯ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಒಬ್ಬರ ಹಿಂದೊಬ್ಬರಂತೆ ಅಸುನೀಗಿದ್ದರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ‘ಕೋಲ್ಡ್ರಿಫ್’ ಸಿರಪ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಶೇ 48.6ರಷ್ಟಿದೆ ಎಂದು ತಮಿಳುನಾಡು ಔಷಧ ನಿಯಂತ್ರಣ ಅಧಿಕಾರಿಗಳ ಪರೀಕ್ಷೆ ತಿಳಿಸಿತು. ಇದಕ್ಕೆ ಇರುವ ಮಿತಿ ಶೇ 0.1 ಮಾತ್ರ. ಈ ದುರಂತದಲ್ಲಿ ಮೃತಪಟ್ಟ ಮಕ್ಕಳ ಸಂಖ್ಯೆ 20ನ್ನು ಮೀರಿತು. ಪರೀಕ್ಷೆಗೆ ಒಳಗಾದ ಸಿರಪ್‌ನ ಬ್ಯಾಚ್ ಸಂಖ್ಯೆ ‘ಎಸ್‌ಆರ್-13’. ಅಧಿಕಾರಿಗಳು ಹುಡುಕುತ್ತಿದ್ದುದು ಅದನ್ನೇ.

ವಿಷ ಬೆರೆತದ್ದು ಕಾರ್ಖಾನೆಯಲ್ಲಿ. ಅದಕ್ಕೆ ಬಾಟಲಿಯಾಗಲಿ, ಲೇಬಲ್ಲಾಗಲಿ ಹೊಣೆಯಲ್ಲ. ಆದರೆ ವಿಷವಿರುವ ಬಾಟಲಿ ಯಾವುದು ಎಂಬುದನ್ನು ಗುರುತಿಸಲು ಸಾಧ್ಯವಾದದ್ದು ಬಾಟಲಿಯ ಮೇಲೆ ಅಂಟಿಸಿದ್ದ ಲೇಬಲ್ಲಿನಿಂದ. ಸಿರಪ್ ಬಾಟಲಿಯಲ್ಲಿ ಮಾರಾಟವಾಗುವ ವಸ್ತುವಾದ್ದರಿಂದ ಆ ಸಂಖ್ಯೆ ಮನೆಯ ಕಪಾಟಿನವರೆಗೂ ಔಷಧದ ಜತೆಯಲ್ಲೇ ಹೋಗಿತ್ತು. ಇಂಥದೇ ದೋಷ ಮಾತ್ರೆಯೊಂದರಲ್ಲಿ ಕಂಡುಬಂದರೆ ಪರಿಸ್ಥಿತಿ ಹೇಗಿದ್ದೀತು? ಅಂಗಡಿಯಾತ ಸ್ಟ್ರಿಪ್‌ನಿಂದ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ತುಂಡಿನಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆಯೇ? ಔಷಧದ ಹೊದಿಕೆಯ ಕುರಿತ ಚರ್ಚೆ ಆರಂಭವಾಗಬೇಕಾದದ್ದು ಈ ಪ್ರಶ್ನೆಯಿಂದ.

ಹೊದಿಕೆಯೂ ಔಷಧದ ಭಾಗ

ಸಾಮಾನ್ಯ ಗ್ರಾಹಕನ ದೃಷ್ಟಿಯಲ್ಲಿ ಔಷಧದ ಹೊದಿಕೆ ಎಂದರೆ ಬಿಚ್ಚಿ ಎಸೆಯುವ ಕಸ. ಔಷಧ ಉದ್ಯಮದ ಲೆಕ್ಕಾಚಾರ ಬೇರೆ. ಅಲ್ಲಿ ಹೊದಿಕೆಯನ್ನು ಮೂರು ಹಂತಗಳಲ್ಲಿ ಗುರುತಿಸಲಾಗುತ್ತದೆ. ಔಷಧವನ್ನು ನೇರವಾಗಿ ಸ್ಪರ್ಶಿಸುವ ಸ್ಟ್ರಿಪ್, ಬಾಟಲಿ, ಸೀಸೆ, ಟ್ಯೂಬ್ ಮುಂತಾದವು ಪ್ರಾಥಮಿಕ ಹೊದಿಕೆ. ಅವುಗಳನ್ನು ಒಳಗೊಂಡ ರಟ್ಟಿನ ಪೆಟ್ಟಿಗೆ ಹಾಗೂ ಅದರೊಳಗಿನ ಮಾಹಿತಿ ಚೀಟಿ ಎರಡನೆಯ ಹಂತ. ಸಾಗಣೆಗಾಗಿ ಬಳಸುವ ದೊಡ್ಡ ರಟ್ಟಿನ ಪೆಟ್ಟಿಗೆಗಳು ಮೂರನೆಯ ಹಂತ. ಮೂರಕ್ಕೂ ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಔಷಧದ ಗುಣವನ್ನು ಕಾಯಬೇಕು, ಎರಡನೆಯದು ಮಾಹಿತಿ ನೀಡಬೇಕು, ಮೂರನೆಯದು ಲಾರಿಯ ಕುಲುಕಾಟ, ಗೋದಾಮಿನ ಭಾರವನ್ನು ತಡೆಯಬೇಕು.

ಕಾನೂನು ಕೂಡ ಹೊದಿಕೆಯನ್ನು ಔಷಧದಿಂದ ಬೇರ್ಪಡಿಸಿ ನೋಡುವುದಿಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ 17-ಎ ಕಲಮಿನ ಪ್ರಕಾರ, ಔಷಧವನ್ನು ತುಂಬಿದ ಪಾತ್ರೆಯು ಒಳಗಿನ ಪದಾರ್ಥವನ್ನು ಆರೋಗ್ಯಕ್ಕೆ ಹಾನಿಕರವಾಗಿಸಬಲ್ಲ ವಿಷವಸ್ತುವಿನಿಂದ ಮಾಡಿದ್ದಾದರೆ ಆ ಔಷಧವೇ ಕಲಬೆರಕೆ ಎನಿಸಿಕೊಳ್ಳುತ್ತದೆ. ನಿಗದಿತ ರೀತಿಯಲ್ಲಿ ಲೇಬಲ್ ಇಲ್ಲದ ಔಷಧವನ್ನು 17ನೇ ಕಲಮು ತಪ್ಪು ಗುರುತಿನ ಔಷಧವೆಂದು ಪರಿಗಣಿಸುತ್ತದೆ. ಒಳಗಿನ ಮಾತ್ರೆ ಎಷ್ಟೇ ಶುದ್ಧವಾಗಿದ್ದರೂ ಹೊದಿಕೆ ಕೆಟ್ಟರೆ ಔಷಧ ಕೆಟ್ಟಂತೆಯೇ ಎಂಬುದು ಇದರ ತಾತ್ಪರ್ಯ.

ತೇವ, ಗಾಳಿ, ಬೆಳಕು

ಔಷಧದ ಶತ್ರುಗಳು ಮುಖ್ಯವಾಗಿ ನಾಲ್ಕು: ತೇವಾಂಶ, ಆಮ್ಲಜನಕ, ಬೆಳಕು ಮತ್ತು ಶಾಖ. ಆಸ್ಪಿರಿನ್ ಮಾತ್ರೆಗೆ ತೇವ ತಗುಲಿದರೆ ಅದು ಒಡೆದು ಸ್ಯಾಲಿಸಿಲಿಕ್ ಆಮ್ಲ ಹಾಗೂ ಅಸಿಟಿಕ್ ಆಮ್ಲಗಳಾಗುತ್ತದೆ. ಹಳೆಯ ಆಸ್ಪಿರಿನ್ ಡಬ್ಬಿಯಿಂದ ವಿನಿಗರ್ ವಾಸನೆ ಬರುವುದು ಈ ಕಾರಣದಿಂದಲೇ. ಅಮಾಕ್ಸಿಸಿಲಿನ್ ಜತೆ ಬಳಸುವ ಕ್ಲಾವುಲನಿಕ್ ಆಮ್ಲ ತೇವವನ್ನು ಸ್ವಲ್ಪವೂ ಸಹಿಸದು. ರಕ್ತದೊತ್ತಡಕ್ಕೆ ನೀಡುವ ನಿಫೆಡಿಪಿನ್ ಬೆಳಕು ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಎಲ್ಲ ಮಾತ್ರೆಗಳಿಗೂ ಒಂದೇ ಬಗೆಯ ಹೊದಿಕೆ ಸಲ್ಲದು.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುವುದು ಬ್ಲಿಸ್ಟರ್ ಮಾದರಿ. ಸುಮಾರು 250 ಮೈಕ್ರಾನ್, ಅಂದರೆ ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪದ ಪಿವಿಸಿ ಹಾಳೆಯನ್ನು ಬಿಸಿ ಮಾಡಿ ಗುಳಿಗಳನ್ನು ಮೂಡಿಸಲಾಗುತ್ತದೆ. ಪ್ರತಿ ಗುಳಿಯಲ್ಲಿ ಒಂದು ಮಾತ್ರೆ ಬಿದ್ದ ಬಳಿಕ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಮೇಲಿಟ್ಟು ಶಾಖ ಮತ್ತು ಒತ್ತಡದಿಂದ ಬೆಸೆಯಲಾಗುತ್ತದೆ. ಇದು ಅಗ್ಗ, ಮಾತ್ರೆಯೂ ಹೊರಗೆ ಕಾಣುತ್ತದೆ. ಆದರೆ ಪಿವಿಸಿ ತೇವವನ್ನು ಪೂರ್ಣವಾಗಿ ತಡೆಯದು. ಹೆಚ್ಚಿನ ರಕ್ಷಣೆ ಬೇಕಾದಲ್ಲಿ ಅದರ ಮೇಲೆ ಪಿವಿಡಿಸಿ ಎಂಬ ಲೇಪನ ಹಚ್ಚುತ್ತಾರೆ. ಮಾತ್ರೆಯ ಎರಡೂ ಬದಿಗೆ ಅಲ್ಯೂಮಿನಿಯಂ ಇರಿಸಿ ಬೆಸೆಯುವುದು ಸ್ಟ್ರಿಪ್ ಮಾದರಿ. ಲೋಹದ ಹಾಳೆಯನ್ನೇ ಬಿಸಿಯಿಲ್ಲದೆ ಒತ್ತಿ ಗುಳಿ ಮೂಡಿಸುವುದು ‘ಅಲು-ಅಲು’ ಮಾದರಿ. ಇದು ತೇವ, ಗಾಳಿ, ಬೆಳಕು ಮೂರನ್ನೂ ತಡೆಯುತ್ತದೆ, ವೆಚ್ಚವೂ ಅಧಿಕ. ಅಂಗಡಿಗಳಲ್ಲಿ ಮಾತ್ರ ಈ ಎಲ್ಲ ಮಾದರಿಗಳಿಗೂ ‘ಸ್ಟ್ರಿಪ್’ ಎಂಬುದೇ ರೂಢಿಯ ಹೆಸರು.

ಬೆಸುಗೆ ಸರಿಯಾಗಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳವಾದುದು. ತಯಾರಾದ ಸ್ಟ್ರಿಪ್‌ಗಳನ್ನು ಮಿಥಿಲೀನ್ ಬ್ಲೂ ಎಂಬ ನೀಲಿ ದ್ರಾವಣದಲ್ಲಿ ಮುಳುಗಿಸಿ ನಿರ್ವಾತದ ಒತ್ತಡಕ್ಕೆ ಒಳಪಡಿಸುತ್ತಾರೆ. ಬಿಚ್ಚಿ ನೋಡಿದಾಗ ಮಾತ್ರೆಗೆ ನೀಲಿ ಬಣ್ಣ ತಗುಲಿದ್ದರೆ ಎಲ್ಲೋ ಸೂಜಿಮೊನೆಯಷ್ಟು ರಂಧ್ರವಿದೆ ಎಂದರ್ಥ. ಮಳೆಗಾಲದ ತಿಂಗಳುಗಳಲ್ಲಿ ಗೋಡೆಯೂ ಬೆವರುವ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಂಥದೊಂದು ರಂಧ್ರ ಮಾತ್ರೆಯನ್ನು ಮೆತ್ತಗಾಗಿಸಬಲ್ಲದು.

ಚುಚ್ಚುಮದ್ದುಗಳ ವಿಚಾರದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಅಗತ್ಯ. ಸಾಮಾನ್ಯ ಗಾಜಿನಿಂದ ಕ್ಷಾರಾಂಶ ಔಷಧಕ್ಕೆ ಇಳಿಯುವ ಸಂಭವವಿರುವುದರಿಂದ ಬೋರೋಸಿಲಿಕೇಟ್ ಗಾಜನ್ನು, ಅಂದರೆ ‘ಮೊದಲ ದರ್ಜೆ’ಯ ಗಾಜನ್ನು ಬಳಸಲಾಗುತ್ತದೆ. ಸಿರಪ್‌ಗಳ ಕಂದು ಬಾಟಲಿ ಕೇವಲ ಅಂದಕ್ಕಾಗಿ ಇರುವುದಲ್ಲ. ಆ ಬಣ್ಣ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಪ್ಲಾಸ್ಟಿಕ್ ಬಾಟಲಿಗಳ ಕುರಿತ ವಿವಾದವೂ ಹೊಸದಲ್ಲ. ಮಕ್ಕಳು, ವೃದ್ಧರು ಹಾಗೂ ಗರ್ಭಿಣಿಯರು ಬಳಸುವ ದ್ರವ ಔಷಧಗಳನ್ನು ಪೆಟ್ ಬಾಟಲಿಗಳಲ್ಲಿ ತುಂಬುವುದನ್ನು ನಿಷೇಧಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದಾಗ ಉದ್ಯಮ ವಲಯದಿಂದ ತೀವ್ರ ವಿರೋಧ ವ್ಯಕ್ತವಾಗಿತ್ತು.

ಯಾವ ಔಷಧಕ್ಕೆ ಯಾವ ಹೊದಿಕೆ ಎಂಬುದನ್ನು ಅಂದಾಜಿನಿಂದ ನಿರ್ಧರಿಸುವುದಿಲ್ಲ. ಮಾರಾಟಕ್ಕೆ ಬರಲಿರುವ ಹೊದಿಕೆಯಲ್ಲೇ ಔಷಧವನ್ನಿರಿಸಿ 40 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 75ರ ತೇವಾಂಶದಲ್ಲಿ 6 ತಿಂಗಳ ಕಾಲ ಪರೀಕ್ಷಿಸಲಾಗುತ್ತದೆ. ಇದರ ಜತೆಗೆ ಸಾಮಾನ್ಯ ಸ್ಥಿತಿಯಲ್ಲಿ ದೀರ್ಘಕಾಲದ ಪರೀಕ್ಷೆಯೂ ನಡೆಯುತ್ತದೆ. ಲೇಬಲ್ಲಿನ ಮೇಲಿರುವ ಅವಧಿ ಮುಗಿಯುವ ದಿನಾಂಕ ಈ ಪರೀಕ್ಷೆಗಳ ಫಲ. ಎಂದರೆ ಆ ದಿನಾಂಕ ಔಷಧಕ್ಕಷ್ಟೇ ಸಂಬಂಧಿಸಿದ್ದಲ್ಲ, ಆ ಹೊದಿಕೆಯೊಳಗಿನ ಔಷಧಕ್ಕೆ ಸಂಬಂಧಿಸಿದ್ದು. ಮಾತ್ರೆಗಳನ್ನು ಬಿಡಿಸಿ ಬೇರೆ ಡಬ್ಬಿಗೆ ಹಾಕಿದ ಕ್ಷಣದಿಂದ ಆ ದಿನಾಂಕದ ಭರವಸೆ ಉಳಿಯುವುದಿಲ್ಲ. ಎದೆನೋವಿಗೆ ನಾಲಗೆಯಡಿ ಇರಿಸಿಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆ ಇದಕ್ಕೆ ತಕ್ಕ ನಿದರ್ಶನ. ಅದನ್ನು ಮೂಲ ಗಾಜಿನ ಸೀಸೆಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಔಷಧಾಂಶ ಕ್ರಮೇಣ ನಷ್ಟವಾಗುತ್ತದೆ. ಆಪತ್ತಿನ ಹೊತ್ತಿನಲ್ಲಿ ರೋಗಿಯ ಕೈಯಲ್ಲಿ ಮಾತ್ರೆಯಿರುತ್ತದೆ, ಮದ್ದು ಮಾತ್ರ ಇರುವುದಿಲ್ಲ.

ಷಿಕಾಗೊ ಕಲಿಸಿದ ಪಾಠ

ಹೊದಿಕೆಯ ಕೆಲಸ ಹವೆಯಿಂದ ರಕ್ಷಿಸುವುದಕ್ಕೆ ಸೀಮಿತವಲ್ಲ, ದುಷ್ಟ ಕೈಗಳಿಂದಲೂ ರಕ್ಷಿಸಬೇಕು ಎಂಬುದನ್ನು ಜಗತ್ತಿಗೆ ಮನದಟ್ಟು ಮಾಡಿಸಿದ್ದು ಅಮೆರಿಕದ ಒಂದು ಘಟನೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೊ ನಗರ ಹಾಗೂ ಸುತ್ತಮುತ್ತ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್ ಸೇವಿಸಿದ 7 ಮಂದಿ ಸಾವಿಗೀಡಾದರು. ಅಂಗಡಿಗಳಲ್ಲಿದ್ದ ಬಾಟಲಿಗಳನ್ನು ಯಾರೋ ತೆರೆದು ಕ್ಯಾಪ್ಸೂಲ್‌ಗಳಿಗೆ ಸೈನೈಡ್ ತುಂಬಿದ್ದರು. ತಯಾರಕ ಸಂಸ್ಥೆ ಸುಮಾರು 3.1 ಕೋಟಿ ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಯಾರಾದರೂ ತೆರೆದಿದ್ದರೆ ಗೊತ್ತಾಗುವಂಥ ಮುದ್ರೆಯನ್ನು ಕಡ್ಡಾಯಗೊಳಿಸಿತು. ಇಂದು ಬಾಟಲಿಯ ಮುಚ್ಚಳವನ್ನು ತಿರುಗಿಸಿದಾಗ ಕಡಿದುಬರುವ ಉಂಗುರ, ಬಾಯಿಗೆ ಅಂಟಿಸಿರುವ ಹಾಳೆ ಇವೆಲ್ಲ ವ್ಯಾಪಕವಾಗಿ ಬಳಕೆಗೆ ಬಂದದ್ದು ಆ ಏಳು ಸಾವುಗಳ ನಂತರ.

ಇದಕ್ಕೂ ಮುನ್ನವೇ, 1970ರಲ್ಲಿ, ಅಮೆರಿಕ ವಿಷ ತಡೆ ಹೊದಿಕೆ ಕಾಯಿದೆಯನ್ನು ಜಾರಿಗೊಳಿಸಿತ್ತು. ಇದರನ್ವಯ ಮಕ್ಕಳಿಗೆ ಸುಲಭವಾಗಿ ತೆರೆಯಲಾಗದ ಹೊದಿಕೆ ಎನಿಸಿಕೊಳ್ಳಲು ಪರೀಕ್ಷೆಗೆ ಒಳಪಟ್ಟ 5 ವರ್ಷದೊಳಗಿನ ಮಕ್ಕಳಲ್ಲಿ ಕನಿಷ್ಠ ಶೇ 85 ಮಂದಿ ತಾವಾಗಿಯೇ ಅದನ್ನು ತೆರೆಯಲಾಗದೆ ಸೋಲಬೇಕು. ಒತ್ತಿ ತಿರುಗಿಸಿದರೆ ಮಾತ್ರ ತೆರೆದುಕೊಳ್ಳುವ ಮುಚ್ಚಳ ಇದರ ಫಲ. ಭಾರತದ ಅಂಗಡಿಗಳಲ್ಲಿ ದೊರೆಯುವ ಸಿರಪ್ ಬಾಟಲಿಗಳ ಮುಚ್ಚಳಗಳು ಬಹುಮಟ್ಟಿಗೆ ಸಾಮಾನ್ಯ ತಿರುಪಿನವು. ಸಿಹಿ ರುಚಿಯ ಬಣ್ಣದ ದ್ರವ, ಸುಲಭವಾಗಿ ತೆರೆಯುವ ಮುಚ್ಚಳ, ಕೈಗೆಟಕುವ ಕಪಾಟು ಇವು ಮೂರೂ ಒಟ್ಟಿಗೆ ಸೇರುವುದು ಯಾವ ಮನೆಗೂ ಕ್ಷೇಮವಲ್ಲ.

ಲೇಬಲ್ಲು ಹೇಳುವುದೇನು?

ರಕ್ಷಣೆಯ ನಂತರ ಹೊದಿಕೆಯ ಎರಡನೆಯ ಕೆಲಸ ಮಾಹಿತಿ. 1945ರ ಔಷಧ ನಿಯಮಗಳ 96ನೇ ನಿಯಮವು ಲೇಬಲ್ಲಿನಲ್ಲಿ ಇರಬೇಕಾದ ವಿವರಗಳನ್ನು ಪಟ್ಟಿ ಮಾಡುತ್ತದೆ. ಔಷಧದ ಹೆಸರು, ಪ್ರಮಾಣ, ಸಕ್ರಿಯ ಔಷಧಾಂಶ, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ ಹಾಗೂ ಅವಧಿ ಮುಗಿಯುವ ದಿನಾಂಕ ಅವುಗಳಲ್ಲಿ ಮುಖ್ಯವಾದವು. ಈ ವಿವರಗಳು ಅಳಿಸಲಾಗದ ಶಾಯಿಯಲ್ಲಿ, ಅತ್ಯಂತ ಒಳಗಿನ ಹೊದಿಕೆಯ ಮೇಲೆಯೇ ಇರಬೇಕು ಎಂಬುದು ಗಮನಾರ್ಹ. ತಯಾರಕರು ಮುದ್ರಿಸಿದ ಗುರುತನ್ನು ಬೇರೆಯವರು ಅಳಿಸುವುದನ್ನಾಗಲಿ, ತಿದ್ದುವುದನ್ನಾಗಲಿ 104-ಎ ನಿಯಮ ನಿಷೇಧಿಸುತ್ತದೆ.

ಅವಧಿಯನ್ನು ತಿಂಗಳು ಮತ್ತು ವರ್ಷದಲ್ಲಿ ಮಾತ್ರ ನಮೂದಿಸಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಔಷಧ ಬಳಕೆಗೆ ಯೋಗ್ಯ ಎಂದರ್ಥ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳಿಗೆ ಕೆಂಪು ಗೆರೆಯ ಗುರುತಿದೆ. ಪ್ರತಿಜೀವಕ ಔಷಧಗಳ ಮನಬಂದ ಬಳಕೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರುವರಿಯಲ್ಲಿ ಈ ಕೆಂಪು ಗೆರೆಯ ಕುರಿತೇ ಅಭಿಯಾನ ಹಮ್ಮಿಕೊಂಡಿತ್ತು. ಅದಕ್ಕೂ ಮೊದಲು, 2014ರ ಮಾರ್ಚ್ 1ರಿಂದ, 46 ಔಷಧಗಳನ್ನು ಒಳಗೊಂಡ ‘ಎಚ್1’ ಅನುಸೂಚಿ ಜಾರಿಗೆ ಬಂದು, ಕ್ಷಯರೋಗದ ಔಷಧಗಳೂ ಸೇರಿದಂತೆ ಹಲವು ಪ್ರಬಲ ಔಷಧಗಳಿಗೆ ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆ ಕಡ್ಡಾಯವಾಯಿತು. ವಾಣಿಜ್ಯ ಹೆಸರಿಗಿಂತ ಔಷಧದ ಮೂಲ ಹೆಸರು ದೊಡ್ಡ ಅಕ್ಷರದಲ್ಲಿರಬೇಕು ಎಂಬ ತಿದ್ದುಪಡಿ ಬಂದದ್ದು 2018ರಲ್ಲಿ. ಕಾಗದದ ಮೇಲೆ ನೋಡಿದರೆ ಭಾರತದ ಲೇಬಲ್ ನಿಯಮಗಳನ್ನು ದುರ್ಬಲವೆಂದು ಹೇಳಲಾಗದು.

ಕತ್ತರಿಯ ಮುಂದೆ ನಿಯಮ

ಇಷ್ಟೆಲ್ಲ ವ್ಯವಸ್ಥೆ ಸಡಿಲಗೊಳ್ಳುವುದು ಔಷಧ ಅಂಗಡಿಯ ಕಟ್ಟೆಯ ಮೇಲೆ. ಹತ್ತು ಅಥವಾ ಹದಿನೈದು ಮಾತ್ರೆಗಳ ಸ್ಟ್ರಿಪ್‌ನಿಂದ ಗ್ರಾಹಕ ಕೇಳಿದಷ್ಟನ್ನು ಕತ್ತರಿಸಿ ಕೊಡುವುದು ನಗರ, ಹಳ್ಳಿ ಎಂಬ ಭೇದವಿಲ್ಲದೆ ನಡೆದುಬಂದ ರೂಢಿ. ಔಷಧದ ಹೆಸರು ಹಾಳೆಯ ಮೇಲೆ ಮತ್ತೆ ಮತ್ತೆ ಮುದ್ರಿತವಾಗಿರುವುದರಿಂದ ತುಂಡಿನಲ್ಲಿ ಅದರ ಒಂದಿಷ್ಟು ಭಾಗ ಉಳಿದೀತು. ಬ್ಯಾಚ್ ಸಂಖ್ಯೆ ಮತ್ತು ಅವಧಿಯ ದಿನಾಂಕ ಹಾಗಲ್ಲ. ಅವು ಸಾಮಾನ್ಯವಾಗಿ ಸ್ಟ್ರಿಪ್‌ನ ಒಂದು ತುದಿಯಲ್ಲಿ ಒಂದೇ ಬಾರಿ ಇರುತ್ತವೆ.

ಇದಕ್ಕೆ ಕಾರಣ ತಯಾರಿಕೆಯ ಕ್ರಮದಲ್ಲಿದೆ. ಹೆಸರು, ಔಷಧಾಂಶ, ವಿಳಾಸ ಮೊದಲಾದ ಬದಲಾಗದ ವಿವರಗಳುಳ್ಳ ಅಲ್ಯೂಮಿನಿಯಂ ಹಾಳೆ ಮುದ್ರಣಾಲಯದಿಂದ ಸುರುಳಿಯಾಗಿ ಬರುತ್ತದೆ. ಬ್ಯಾಚ್ ಸಂಖ್ಯೆ ಹಾಗೂ ದಿನಾಂಕಗಳು ಪ್ರತಿ ಬ್ಯಾಚಿಗೂ ಬದಲಾಗುವಂಥವು. ಮಾತ್ರೆ ತುಂಬುವ ಯಂತ್ರವು ಅವುಗಳನ್ನು ಸ್ಟ್ರಿಪ್‌ನ ಅಂಚಿನಲ್ಲಿ ಅಚ್ಚೊತ್ತುತ್ತದೆ ಅಥವಾ ಮುದ್ರಿಸುತ್ತದೆ. ಪ್ರತಿಯೊಂದು ಗುಳಿಯ ಹಿಂದೆಯೂ ಇವನ್ನು ಮುದ್ರಿಸಬೇಕಾದರೆ ಯಂತ್ರದ ಸಾಲಿನಲ್ಲೇ ವೇಗವಾಗಿ ಕೆಲಸ ಮಾಡುವ ಮುದ್ರಣ ಸಾಧನ ಬೇಕು. ತಾಂತ್ರಿಕವಾಗಿ ಇದು ಅಸಾಧ್ಯವಲ್ಲ, ಆದರೆ ಬಂಡವಾಳ ಬೇಡುತ್ತದೆ.

ಸಾಮಾನ್ಯವಾಗಿ ಅಂಗಡಿಯವರು ದಿನಾಂಕವಿರುವ ತುದಿಯನ್ನು ತಮ್ಮಲ್ಲೇ ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುತ್ತಾರೆ. ಉಳಿದ ಮಾತ್ರೆಗಳ ಅವಧಿ ತಿಳಿಯಬೇಕಾದರೆ ಅವರಿಗೂ ಅದು ಬೇಕಷ್ಟೆ. ಪರಿಣಾಮವಾಗಿ ಮೊದಲು ಬಂದ ಗ್ರಾಹಕರಿಗೆ ಸಿಗುವುದು ದಿನಾಂಕವಾಗಲಿ, ಬ್ಯಾಚ್ ಸಂಖ್ಯೆಯಾಗಲಿ ಇಲ್ಲದ ತುಂಡು. ಕೊನೆಗೆ ಬಂದವರಿಗೆ ಮಾತ್ರ ಪೂರ್ಣ ಮಾಹಿತಿ.

ಇದರ ಪರಿಣಾಮ ಅರಿವಾಗುವುದು ಔಷಧ ವಿಫಲವಾದಾಗ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಪರೀಕ್ಷೆಯಲ್ಲಿ ನಿಗದಿತ ಗುಣಮಟ್ಟ ಇಲ್ಲವೆಂದು ಕಂಡುಬಂದ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ಆ ಪಟ್ಟಿ ಇರುವುದು ಬ್ಯಾಚ್ ಸಂಖ್ಯೆಯ ಲೆಕ್ಕದಲ್ಲಿ. ಒಂದು ಕಂಪನಿಯ ಒಂದು ಮಾತ್ರೆಯ ಒಂದು ಬ್ಯಾಚ್ ವಿಫಲವಾದರೆ ಉಳಿದ ಬ್ಯಾಚ್‌ಗಳೂ ಕೆಟ್ಟವೆಂದು ಅರ್ಥವಲ್ಲ. ಆದ್ದರಿಂದ ಬ್ಯಾಚ್ ಸಂಖ್ಯೆ ತಿಳಿಯದ ರೋಗಿಗೆ ಆ ಪಟ್ಟಿಯಿಂದ ಎರಡು ಬಗೆಯ ನಷ್ಟ. ಕೆಟ್ಟ ಮಾತ್ರೆಯನ್ನು ತಿಳಿಯದೆ ನುಂಗುವುದು ಒಂದು. ಸುದ್ದಿ ಓದಿ ಹೆದರಿ ಒಳ್ಳೆಯ ಮಾತ್ರೆಯನ್ನೂ ಬಿಟ್ಟುಬಿಡುವುದು ಮತ್ತೊಂದು. ರಕ್ತದೊತ್ತಡ, ಮಧುಮೇಹ, ಅಪಸ್ಮಾರದ ರೋಗಿಗಳಿಗೆ ಎರಡನೆಯದೂ ಅಪಾಯಕಾರಿಯೇ.

ಹಾಗೆಂದು ಬಿಡಿ ಮಾರಾಟವನ್ನೇ ನಿಷೇಧಿಸಬೇಕೆಂಬ ವಾದ ವಾಸ್ತವಕ್ಕೆ ದೂರ. ದಿನಗೂಲಿಯ ಕಾರ್ಮಿಕ ಎರಡು ದಿನದ ಮಾತ್ರೆ ಕೊಳ್ಳುವುದು ಅಜ್ಞಾನದಿಂದಲ್ಲ, ಜೇಬಿನಲ್ಲಿರುವ ಹಣದ ಲೆಕ್ಕದಿಂದ. ವೈದ್ಯರು ಐದು ದಿನಕ್ಕೆ ಬರೆದ ಔಷಧಕ್ಕೆ ಹದಿನೈದು ಮಾತ್ರೆಗಳ ಸ್ಟ್ರಿಪ್ ಕೊಳ್ಳಬೇಕಾದರೆ ಉಳಿದವು ಮನೆಯ ಡಬ್ಬಿ ಸೇರುತ್ತವೆ. ಮುಂದೊಂದು ದಿನ ಸಲಹೆಯಿಲ್ಲದೆ ಬೇರಾರದೋ ಹೊಟ್ಟೆ ಸೇರುತ್ತವೆ. 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ಸುಲಭವಾಗಿ ಹರಿಯಬಲ್ಲ ರಂಧ್ರದ ಗೆರೆಗಳುಳ್ಳ ಸ್ಟ್ರಿಪ್, ಅದರ ಪ್ರತಿ ಭಾಗದಲ್ಲೂ ದಿನಾಂಕದ ಮುದ್ರಣ ಎಂಬ ಸಲಹೆಯನ್ನು ಉದ್ಯಮದ ಮುಂದಿಟ್ಟಿದ್ದು ಈ ಹಿನ್ನೆಲೆಯಲ್ಲಿ. ಸಲಹೆ ಸರಿಯಾದ ದಿಕ್ಕಿನದು. ಅದು ಸಲಹೆಯ ಹಂತದಲ್ಲೇ ಉಳಿಯಬಾರದಷ್ಟೆ.

ಕ್ಯುಆರ್ ಕೋಡ್ ಸಾಕೇ?

ನಕಲಿ ಔಷಧದ ಹಾವಳಿಗೆ ಉತ್ತರವಾಗಿ ಕೇಂದ್ರ ಸರಕಾರ 2022ರ ನವೆಂಬರ್‌ನಲ್ಲಿ ‘ಎಚ್2’ ಅನುಸೂಚಿಯನ್ನು ಪ್ರಕಟಿಸಿತು. ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳ ಪ್ರಾಥಮಿಕ ಹೊದಿಕೆಯ ಮೇಲೆ, ಅಲ್ಲಿ ಸ್ಥಳವಿಲ್ಲದಿದ್ದರೆ ಎರಡನೆಯ ಹೊದಿಕೆಯ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಇರಬೇಕೆಂಬ ಈ ನಿಯಮ 2023ರ ಆಗಸ್ಟ್ 1ರಿಂದ ಜಾರಿಗೆ ಬಂತು. ಮೊಬೈಲ್ ಹಿಡಿದು ನೋಡಿದರೆ ಉತ್ಪನ್ನದ ಗುರುತು, ಮೂಲ ಹೆಸರು, ವಾಣಿಜ್ಯ ಹೆಸರು, ತಯಾರಕರ ವಿವರ, ಬ್ಯಾಚ್ ಸಂಖ್ಯೆ, ಎರಡೂ ದಿನಾಂಕಗಳು, ಪರವಾನಗಿ ಸಂಖ್ಯೆ ಹೀಗೆ 8 ಅಂಶಗಳು ತಿಳಿಯಬೇಕು.

ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರ ಮಿತಿಗಳನ್ನೂ ಗಮನಿಸಬೇಕು. ಪಟ್ಟಿಯಲ್ಲಿರುವುದು 300 ಬ್ರ್ಯಾಂಡ್‌ಗಳು ಮಾತ್ರ. ಈ 8 ಅಂಶಗಳಲ್ಲಿ ಪ್ರತಿಯೊಂದು ಪೊಟ್ಟಣಕ್ಕೂ ಬೇರೆ ಬೇರೆಯಾದ ಸರಣಿ ಸಂಖ್ಯೆ ಇಲ್ಲ. ಹೀಗಾಗಿ ಅಸಲಿ ಪೊಟ್ಟಣದ ಕೋಡನ್ನೇ ನಕಲು ಮಾಡಿ ಸಾವಿರ ನಕಲಿ ಪೊಟ್ಟಣಗಳಿಗೆ ಅಂಟಿಸಿದರೆ ಎಲ್ಲವೂ ಒಂದೇ ಉತ್ತರ ನೀಡಬಹುದು. ಯುರೋಪ್ ಒಕ್ಕೂಟದಲ್ಲಿ 2019ರ ಫೆಬ್ರುವರಿ 9ರಿಂದ ಜಾರಿಯಲ್ಲಿರುವ ಕ್ರಮ ಬೇರೆ. ಅಲ್ಲಿ ವೈದ್ಯರ ಚೀಟಿಯ ಮೇಲೆ ನೀಡುವ ಬಹುತೇಕ ಔಷಧಗಳ ಪ್ರತಿ ಪೊಟ್ಟಣಕ್ಕೂ ಪ್ರತ್ಯೇಕ ಗುರುತಿದೆ. ಔಷಧ ವಿತರಿಸುವಾಗ ಅಂಗಡಿಯಾತ ಅದನ್ನು ಕೇಂದ್ರೀಕೃತ ದಾಖಲೆಯೊಂದಿಗೆ ತಾಳೆ ನೋಡಿ ರದ್ದುಪಡಿಸುತ್ತಾನೆ. ಅದೇ ಗುರುತು ಮತ್ತೊಮ್ಮೆ ಎಲ್ಲಿ ಕಾಣಿಸಿಕೊಂಡರೂ ಎಚ್ಚರಿಕೆಯ ಗಂಟೆ ಬಾರಿಸುತ್ತದೆ.

ಭಾರತದಲ್ಲಿ ಮತ್ತೊಂದು ತೊಡಕೂ ಇದೆ. ಕೋಡ್ ರಟ್ಟಿನ ಪೆಟ್ಟಿಗೆಯ ಮೇಲಿದ್ದರೆ ಅದು ಅಂಗಡಿಯಲ್ಲೇ ಉಳಿಯುತ್ತದೆ. ಸ್ಟ್ರಿಪ್‌ನ ಮೇಲಿದ್ದರೆ ಕತ್ತರಿಗೆ ಸಿಕ್ಕು ಎರಡಾಗುತ್ತದೆ. ಹೊಸ ತಂತ್ರಜ್ಞಾನವೂ ಕೊನೆಗೆ ಬಂದು ನಿಲ್ಲುವುದು ಹಳೆಯ ಕತ್ತರಿಯ ಮುಂದೆಯೇ.

ಓದಲಾಗದ ಲೇಬಲ್ಲು

ಮಾಹಿತಿ ಮುದ್ರಿತವಾಗಿದ್ದರೆ ಸಾಲದು, ಓದುಗನಿಗೆ ಅರ್ಥವಾಗಬೇಕು. ಕರ್ನಾಟಕದ ಔಷಧ ಅಂಗಡಿಗಳಲ್ಲಿ ದೊರೆಯುವ ಲೇಬಲ್ಲುಗಳು ಬಹುತೇಕ ಇಂಗ್ಲಿಷ್‌ನಲ್ಲಿವೆ. ಹೊಳೆಯುವ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಒತ್ತಿದ ದಿನಾಂಕವನ್ನು ಇಂಗ್ಲಿಷ್ ಬಲ್ಲವರೂ ಕನ್ನಡಕವಿಲ್ಲದೆ ಓದಲಾರರು. ಕನ್ನಡ ಮಾತ್ರ ಬಲ್ಲ ವೃದ್ಧರು ಮಾತ್ರೆಯ ಬಣ್ಣ, ಆಕಾರಗಳನ್ನೇ ನೆಚ್ಚಿಕೊಂಡಿದ್ದಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಆಗ ಬೆಳಗಿನ ಮಾತ್ರೆ ರಾತ್ರಿಗೆ, ರಾತ್ರಿಯದು ಬೆಳಿಗ್ಗೆಗೆ ಆಗುವ ಸಂಭವವಿದೆ.

ಅಕ್ಷರವಿಲ್ಲದೆಯೂ ಮಾಹಿತಿ ನೀಡಲು ಸಾಧ್ಯ ಎಂಬುದಕ್ಕೆ ಲಸಿಕೆಯ ಸೀಸೆಯೇ ಸಾಕ್ಷಿ. ಪೋಲಿಯೊ ಹನಿಯ ಸೀಸೆಗಳ ಮೇಲೆ 1996ರಿಂದ ಬಳಕೆಗೆ ಬಂದ ಶಾಖಸೂಚಕ ಗುರುತಿನಲ್ಲಿ ಒಂದು ವೃತ್ತ, ಅದರೊಳಗೊಂದು ತಿಳಿ ಬಣ್ಣದ ಚೌಕ ಇರುತ್ತದೆ. ಶಾಖ ತಗುಲಿದಂತೆಲ್ಲ ಚೌಕದ ಬಣ್ಣ ಗಾಢವಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಸಮನಾದರೆ ಅಥವಾ ಅದನ್ನೂ ಮೀರಿದರೆ ಲಸಿಕೆ ಬಳಸುವಂತಿಲ್ಲ. ಯಾವ ಭಾಷೆಯ ಕಾರ್ಯಕರ್ತೆಗಾದರೂ ಇದು ಒಂದೇ ನೋಟಕ್ಕೆ ತಿಳಿಯುತ್ತದೆ. ಯುರೋಪ್ ಒಕ್ಕೂಟ 2004ರ ನಿರ್ದೇಶನದ ಮೂಲಕ ಔಷಧದ ಹೆಸರನ್ನು ಹೊರ ಹೊದಿಕೆಯ ಮೇಲೆ ಬ್ರೈಲ್ ಲಿಪಿಯಲ್ಲೂ ಮೂಡಿಸುವುದನ್ನು ಕಡ್ಡಾಯಗೊಳಿಸಿದೆ. ಕ್ಯುಆರ್ ಕೋಡ್ ಮೂಲಕ ಕನ್ನಡದ ಮಾಹಿತಿಯನ್ನು, ಓದಲು ಬಾರದವರಿಗೆ ಧ್ವನಿಯಲ್ಲಿ ಒದಗಿಸುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟದ ಮಾತಲ್ಲ.

ಬಳ್ಳಾರಿಯ ನೆನಪು

ಬ್ಯಾಚ್ ಸಂಖ್ಯೆಯ ಮಹತ್ವವನ್ನು ಕರ್ನಾಟಕ ಅತ್ಯಂತ ನೋವಿನಿಂದ ಅರಿತದ್ದು 2024ರ ನವೆಂಬರ್‌ನಲ್ಲಿ. ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಸಾಲಾಗಿ ಮೃತಪಟ್ಟಾಗ ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ಪ್ರಶ್ನೆಗೊಳಗಾಯಿತು. ಆಗ ನಡೆದ ಚರ್ಚೆಯೆಲ್ಲ ಯಾವ ಬ್ಯಾಚ್ ಪರೀಕ್ಷೆಯಲ್ಲಿ ವಿಫಲವಾಗಿತ್ತು, ಯಾವುದು ಉತ್ತೀರ್ಣವಾಗಿತ್ತು, ಯಾವ ಆಸ್ಪತ್ರೆಗೆ ಯಾವ ಬ್ಯಾಚ್ ಸರಬರಾಜಾಗಿತ್ತು ಎಂಬುದರ ಸುತ್ತಲೇ ನಡೆಯಿತು. ಇಂಥ ಸಂದರ್ಭದಲ್ಲಿ ಯಾವ ಬಾಟಲಿ ಯಾವ ರೋಗಿಗೆ ಹೋಯಿತು ಎಂಬ ದಾಖಲೆ ರೋಗಿಯ ಕಡತದಲ್ಲಿದ್ದರೆ ಮಾತ್ರ ತನಿಖೆ ಮುಂದುವರಿಯಬಲ್ಲದು. ಆಸ್ಪತ್ರೆಯಲ್ಲಿ ದ್ರಾವಣ ಏರಿಸುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ಕಣಗಳಿವೆಯೇ ಎಂದು ನೋಡುವುದು, ಹಿಂಡಿ ಸೋರಿಕೆಯಿದೆಯೇ ಎಂದು ಪರೀಕ್ಷಿಸುವುದು, ಬ್ಯಾಚ್ ಸಂಖ್ಯೆ ಬರೆದುಕೊಳ್ಳುವುದು ಕೆಲವೇ ನಿಮಿಷದ ಕೆಲಸ. ರೋಗಿಗಳ ದಟ್ಟಣೆಯಲ್ಲಿ ಮೊದಲು ಕೈಬಿಡುವುದೂ ಇದೇ ಕೆಲಸವನ್ನು.

ಆಗಬೇಕಾದದ್ದೇನು?

ಲೇಬಲ್ಲು ಸತ್ಯವನ್ನೇ ಹೇಳುತ್ತದೆಂಬ ಖಾತರಿಯಿಲ್ಲ. ತಯಾರಕರೇ ವಂಚಿಸಿದರೆ ಎಷ್ಟೇ ಅಂದವಾದ ಹೊದಿಕೆಯೂ ವಿಷವನ್ನು ತಡೆಯಲಾರದು. ಕೋಲ್ಡ್ರಿಫ್ ಪ್ರಕರಣ ಅದನ್ನು ತೋರಿಸಿಕೊಟ್ಟಿದೆ. ಕಾರ್ಖಾನೆಗಳ ತಪಾಸಣೆಗೆ, ಕಚ್ಚಾವಸ್ತುಗಳ ಪರೀಕ್ಷೆಗೆ ಬದಲಿಯಿಲ್ಲ. ಪರಿಷ್ಕೃತ ‘ಎಂ’ ಅನುಸೂಚಿಯು ಹೊದಿಕೆ ಸಾಮಗ್ರಿಗಳ ಪರೀಕ್ಷೆ, ಲೇಬಲ್ಲುಗಳ ಲೆಕ್ಕ, ಒಂದು ಬ್ಯಾಚ್ ಮುಗಿದು ಮತ್ತೊಂದು ಆರಂಭಿಸುವ ಮೊದಲು ಯಂತ್ರದ ಸಾಲನ್ನು ತೆರವುಗೊಳಿಸುವ ಕ್ರಮ ಇವನ್ನೆಲ್ಲ ಒಳಗೊಂಡಿದೆ. ಸಣ್ಣ ಮತ್ತು ಮಧ್ಯಮ ತಯಾರಕರಿಗೆ ಅದನ್ನು ಅಳವಡಿಸಿಕೊಳ್ಳಲು 2025ರ ಡಿಸೆಂಬರ್ 31ರವರೆಗೆ ಕಾಲಾವಕಾಶ ವಿಸ್ತರಿಸಲಾಗಿತ್ತು.

ಆದರೆ ತಪ್ಪು ನಡೆದ ಮೇಲೆ ಅದು ಹರಡದಂತೆ ತಡೆಯುವ ಸಾಧನ ಹೊದಿಕೆಯ ಮೇಲಿನ ಮಾಹಿತಿಯೇ. ಆ ಮಾಹಿತಿ ರೋಗಿಯ ಮನೆಯವರೆಗೆ ತಲುಪಬೇಕಾದರೆ ಕೆಲವು ಕ್ರಮಗಳು ಅನಿವಾರ್ಯ. ಸ್ಟ್ರಿಪ್‌ನ ಪ್ರತಿ ಗುಳಿಯ ಹಿಂದೆ, ಕನಿಷ್ಠ ಹರಿಯಬಹುದಾದ ಪ್ರತಿ ಭಾಗದಲ್ಲಿ, ಬ್ಯಾಚ್ ಸಂಖ್ಯೆ ಮತ್ತು ಅವಧಿಯ ದಿನಾಂಕ ಮುದ್ರಿತವಾಗಬೇಕು. ಮೂರು ಅಥವಾ ಐದು ದಿನಗಳಿಗಷ್ಟೇ ಬೇಕಾಗುವ ಔಷಧಗಳು ಆ ಲೆಕ್ಕದ ಸಣ್ಣ ಸ್ಟ್ರಿಪ್‌ಗಳಲ್ಲಿ ಬರಬೇಕು. ಅಲ್ಲಿಯವರೆಗೆ ಕತ್ತರಿಸಿ ಕೊಡುವ ಪ್ರತಿ ತುಂಡಿನೊಂದಿಗೆ ಈ ಎರಡು ವಿವರಗಳನ್ನು ಕಾಗದದ ಕವರಿನ ಮೇಲೆ ಬರೆದುಕೊಡುವುದನ್ನು ಔಷಧ ನಿಯಂತ್ರಣ ಅಧಿಕಾರಿಗಳು ರೂಢಿಗೆ ತರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಒಂದು ಪೆನ್ನು ಸಾಕು.

ಗ್ರಾಹಕರ ಪಾಲಿನ ಹೊಣೆಯೂ ಇದೆ. ಗಣಕೀಕೃತ ರಸೀದಿಗಳಲ್ಲಿ ಸಾಮಾನ್ಯವಾಗಿ ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುದ್ರಿತವಾಗಿರುತ್ತವೆ. ರಸೀದಿ ಬೇಡವೆಂದು ಹೇಳಿ ಬರುವವರು ಆ ಸಂಖ್ಯೆಯನ್ನೂ ಬಿಟ್ಟುಬರುತ್ತಾರೆ. ಮಾತ್ರೆ ಮುಗಿಯುವವರೆಗೆ ಸ್ಟ್ರಿಪ್ ಅಥವಾ ಪೆಟ್ಟಿಗೆಯನ್ನು ಎಸೆಯಬಾರದು. ಊದಿಕೊಂಡ, ಹರಿದ ಅಥವಾ ಮುದ್ರೆ ಒಡೆದ ಹೊದಿಕೆಯಲ್ಲಿರುವ ಔಷಧವನ್ನು ಸ್ವೀಕರಿಸಬಾರದು. ಮಾತ್ರೆಗಳನ್ನು ಬಿಡಿಸಿ ಒಂದೇ ಡಬ್ಬಿಗೆ ಸುರಿಯುವ ಅಭ್ಯಾಸ ಬಿಡಬೇಕು.

ಛಿಂದವಾಡದಲ್ಲಿ ಆ ಗುರುತು ಪತ್ತೆಯಾಗುವ ವೇಳೆಗೆ ಹಲವು ಮನೆಗಳ ತೊಟ್ಟಿಲು ಬರಿದಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಆ ಪ್ರಕರಣವೂ ಹೊರತಲ್ಲ. ಆದರೂ ಬಾಟಲಿಯ ಮೇಲೆ ಆ ಗುರುತು ಇದ್ದುದರಿಂದ ಉಳಿದ ಬಾಟಲಿಗಳನ್ನು ಹುಡುಕಿ ತಡೆಯಲು ಸಾಧ್ಯವಾಯಿತು. ಕತ್ತರಿಸಿದ ಸ್ಟ್ರಿಪ್ ಹಿಡಿದು ಮನೆಗೆ ಹೋಗುವ ರೋಗಿಗೆ ಸದ್ಯ ಆ ಅವಕಾಶವೂ ಇಲ್ಲ.